ಸೊಟ್ಟ ಹಡಗಿನ ನೆಟ್ಟಗಿನ ಮಾದರಿ

ವಾಸಾ ಹಡಗಿನ ಮರದ ಮಾದರಿ ಮಾಡುತ್ತಿದ್ದೇನೆ ಅಂತ ಹೇಳಿದರೆ ಜನ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಅದು ಎಲ್ಲಿಯ ಹಡಗು? ಸ್ವೀಡನ್ನಿನದು. ಯಾವ ಯುದ್ಧ ಗೆದ್ದಿತ್ತು? ಯಾವುದನ್ನೂ ಇಲ್ಲ, ಹೊರಟ ದಿನವೇ ಮುಳುಗಿತು. ಮೂರನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಮುಖದಲ್ಲೇ ಕಾಣುತ್ತದೆ. ಗೆದ್ದು ಬಂದ ಹಡಗುಗಳು ಅಷ್ಟೊಂದಿರುವಾಗ ಇದೇ ಯಾಕೆ?

ಉತ್ತರ ಇದೆ. ಅದಕ್ಕೆ ಮೊದಲು ಹಡಗಿನ ಕತೆ ಸ್ವಲ್ಪ ಹೇಳಬೇಕು.

1628ರ ಆಗಸ್ಟ್ 10, ಭಾನುವಾರ. ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಪೋಲೆಂಡಿನ ಜೊತೆ ಯುದ್ಧದಲ್ಲಿದ್ದ. ಅವನಿಗಾಗಿ ಕಟ್ಟಿದ ಹೊಸ ಯುದ್ಧನೌಕೆ ಸ್ಟಾಕ್‌ಹೋಮಿನ ಬಂದರಿನಿಂದ ಹೊರಟಿತು. ಮುಂದೆ ಚಾಚಿದ ಕಂಬವೂ ಸೇರಿ 69 ಮೀಟರ್ ಉದ್ದ. ಎರಡು ಅಂತಸ್ತಿನಲ್ಲಿ ಒಟ್ಟು 64 ಫಿರಂಗಿ, ಅದರಲ್ಲಿ 48 ಫಿರಂಗಿಗಳು 24 ಪೌಂಡಿನ ಗುಂಡು ಹಾರಿಸುವಂಥವು. ಹತ್ತು ಹಾಯಿಗಳಲ್ಲಿ ನಾಲ್ಕನ್ನು ಮಾತ್ರ ಬಿಚ್ಚಿದ್ದರು. ದಂಡೆಯ ಮೇಲೆ ಊರಿಗೆ ಊರೇ ನೆರೆದಿತ್ತು. ಒಂದು ಗಾಳಿ ಬೀಸಿ ಹಡಗು ಎಡಕ್ಕೆ ವಾಲಿ ಎದ್ದಿತು. ಇನ್ನೊಂದು ಗಾಳಿಗೆ ಏಳಲಿಲ್ಲ. ತೆರೆದಿದ್ದ ಕೆಳಸಾಲಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಹೆಚ್ಚೆಂದರೆ 1300 ಮೀಟರ್ ಸಾಗಿತ್ತು, ಅಷ್ಟೇ. ಸುಮಾರು 30 ಜನ ಸತ್ತರು. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಹಡಗು ಕಟ್ಟಲು ಶುರುಮಾಡಿದ್ದ ಮುಖ್ಯ ಬಡಗಿ ಹೆನ್ರಿಕ್ ಹ್ಯೂಬರ್ಟ್‌ಸನ್ ಹಿಂದಿನ ವರ್ಷವೇ ತೀರಿಕೊಂಡಿದ್ದ, ಹಾಗಾಗಿ ಹೊಣೆ ಹೊರಿಸುವುದಕ್ಕೂ ಆಳು ಸಿಗಲಿಲ್ಲ. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಯೊಂದು ಈಗಲೂ ನನ್ನನ್ನು ಕಾಡುತ್ತದೆ. ಹೊರಡುವ ಮೊದಲೇ 30 ಜನರನ್ನು ಡೆಕ್ಕಿನ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ಪರೀಕ್ಷೆ ಮಾಡಿದ್ದರಂತೆ. ಹಡಗು ಎಷ್ಟು ಓಲಾಡಿತೆಂದರೆ ಅಡ್ಮಿರಲ್ ಅರ್ಧದಲ್ಲೇ ನಿಲ್ಲಿಸಿಬಿಟ್ಟ. ಅಂದರೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದರು.

32 ಮೀಟರ್ ಆಳದಲ್ಲಿ ಬಿದ್ದಿದ್ದ ಹಡಗನ್ನು 1956ರಲ್ಲಿ ಆಂಡರ್ಸ್ ಫ್ರಾನ್ಸೇನ್ ಪತ್ತೆ ಮಾಡಿದ. ಮುಳುಗುಗಾರರು ಅದರ ಅಡಿಯಲ್ಲಿ ಆರು ಸುರಂಗ ಕೊರೆದು ಉಕ್ಕಿನ ಹಗ್ಗ ಹಾಯಿಸಿದರು. 1961ರ ಏಪ್ರಿಲ್ 24ರಂದು ವಾಸಾ ನೀರಿನಿಂದ ಮೇಲೆ ಬಂತು. 333 ವರ್ಷ ನೀರೊಳಗಿದ್ದ ಮರ ಹೇಗೆ ಉಳಿಯಿತು ಅಂತ ನಮ್ಮ ಕರಾವಳಿಯವರು ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಕಡಲಿನಲ್ಲಿ ಮರದ ದೋಣಿಯ ತಳವನ್ನು ಹುಳ ಜರಡಿ ಮಾಡಿಬಿಡುತ್ತದೆ. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ತೀರಾ ಕಡಿಮೆ, ಆ ಹುಳ ಅಲ್ಲಿ ಬದುಕುವುದಿಲ್ಲ. ಅದಕ್ಕೇ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿ ಇವತ್ತು ನಿಂತಿರುವ ಹಡಗಿನ 98 ಶೇಕಡಾ ಮರ ಮೂಲದ್ದೇ. ಮೇಲೆ ತಂದ ಮರ ಒಣಗಿ ಬಿರುಕು ಬಿಡದಿರಲೆಂದು ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ರಾಸಾಯನಿಕವನ್ನು 17 ವರ್ಷ ಎಡೆಬಿಡದೆ ಸಿಂಪಡಿಸಿದರು.

ನನ್ನ ಉತ್ತರ ಇಲ್ಲೇ ಇದೆ. ಆ ಕಾಲದ ಪ್ರಸಿದ್ಧ ಹಡಗುಗಳ ಹೆಚ್ಚಿನ ಮಾದರಿಗಳು ಊಹೆಯ ಮೇಲೆ ನಿಂತವು. ಅಮೆರಿಕಕ್ಕೆ ಜನರನ್ನು ಒಯ್ದ ಮೇಫ್ಲವರ್ ಮಾದರಿ ಎಲ್ಲೆಲ್ಲೂ ಸಿಗುತ್ತದೆ, ಆದರೆ ಆ ಹಡಗಿನ ನಕ್ಷೆ ಅಂತ ಒಂದೂ ಇಲ್ಲ. ಅದೇ ಕಾಲದ ಬೇರೆ ಹಡಗುಗಳನ್ನು ನೋಡಿ, ಹೀಗಿದ್ದಿರಬಹುದು ಅಂತ ಬರೆದದ್ದು. ವಾಸಾ ಹಾಗಲ್ಲ. ಮುಟ್ಟಿ ಅಳೆಯಬಹುದು. ಗೆದ್ದ ಹಡಗುಗಳು ಹಳತಾಗಿ, ಒಡೆದು, ಸೌದೆಯಾಗಿ ಹೋದವು. ಮುಳುಗಿದ್ದಕ್ಕೇ ಇದು ಉಳಿಯಿತು.

ಹಾಗೆ ಅಳೆದವರಿಗೆ ಸಿಕ್ಕಿದ್ದು ಒಂದು ಸೊಟ್ಟ ಹಡಗು. ವಾಸಾದ ಎಡಬದಿಯೂ ಬಲಬದಿಯೂ ಒಂದೇ ಸಮ ಇಲ್ಲ. ಎಡಬದಿಯಲ್ಲಿ ಮರ ಹೆಚ್ಚು ದಪ್ಪ. ಹಡಗಿನೊಳಗೆ ಬಡಗಿಗಳ ನಾಲ್ಕು ಅಳತೆಕೋಲುಗಳೂ ಸಿಕ್ಕವು. ಎರಡರಲ್ಲಿ ಸ್ವೀಡನ್ನಿನ ಅಡಿ, ಅಡಿಗೆ 12 ಅಂಗುಲ. ಇನ್ನೆರಡರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಡಿ, ಅಡಿಗೆ 11 ಅಂಗುಲ. ಮೊದಲನೆಯದು ಸುಮಾರು 29.7 ಸೆಂಟಿಮೀಟರ್, ಎರಡನೆಯದು ಸುಮಾರು 28.3. ಒಂದೇ ಹಡಗುಕಟ್ಟೆಯಲ್ಲಿ ಸ್ವೀಡನ್ನಿನವರೂ ಹಾಲೆಂಡಿನವರೂ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಇವನು ನಲವತ್ತು ಅಡಿ ಅಂತ ಕೂಗಿದರೆ ಅವನು ಕೊಯ್ದ ಹಲಗೆಗೂ ಇವನ ಹಲಗೆಗೂ ಅರ್ಧ ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಬೇಕು. ನಿಜವಾಗಿ ಅಷ್ಟು ಬಂದಿರಲಾರದು, ಬಡಗಿಗಳು ಅಷ್ಟು ದಡ್ಡರಲ್ಲ, ಕಣ್ಣಳತೆಯಲ್ಲಿ ಸರಿಮಾಡಿಕೊಂಡಿರುತ್ತಾರೆ. ಮುಳುಗಿದ್ದೂ ಈ ಸೊಟ್ಟದಿಂದಲ್ಲ. ಮೇಲ್ಭಾಗದ ಭಾರ ಹೆಚ್ಚಾಗಿ, ಅದಕ್ಕೆ ತಕ್ಕ ಅಗಲವೂ ಅಡಿಭಾರವೂ ಇಲ್ಲದ್ದರಿಂದ.

ಆದರೆ ಮಾದರಿಯ ಪೆಟ್ಟಿಗೆಯಲ್ಲಿ ಬರುವ ವಾಸಾ ಸೊಟ್ಟ ಇರುವುದಿಲ್ಲ. ಲೇಸರಿನಲ್ಲಿ ಕತ್ತರಿಸಿದ ಪ್ಲೈವುಡ್ ತುಂಡುಗಳು, ಎಡ ಬಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದಿರುತ್ತವೆ. ನಡುವೆ ಬೆನ್ನೆಲುಬಿನ ಹಾಗೆ ಒಂದು ಉದ್ದನೆಯ ಹಲಗೆ. ಅದಕ್ಕೆ ಅಡ್ಡಲಾಗಿ ಪಕ್ಕೆಲುಬುಗಳ ಜಾಗದಲ್ಲಿ ಗೋಡೆಯಂಥ ತುಂಡುಗಳನ್ನು ಸಿಕ್ಕಿಸುತ್ತಾ ಹೋಗಬೇಕು. ಅಸ್ಥಿಪಂಜರ ಗಟ್ಟಿಯಾದ ಮೇಲೆ ಹೊರಮೈಗೆ ಹಲಗೆ ಹೊದಿಸುವುದು. ನಮ್ಮೂರಿನ ಆಚಾರ್ರೊಬ್ಬರಿಗೆ ಇದನ್ನು ಒಮ್ಮೆ ತೋರಿಸಿದ್ದೆ. ಮನೆ ಕಟ್ಟುವ ಮರಗೆಲಸದವರೇ, ಆದರೆ ಪ್ರಾಯದಲ್ಲಿ ದೋಣಿ ರಿಪೇರಿಯನ್ನೂ ಮಾಡಿದವರು. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

“ಅಲ್ಲ ಮಾರಾಯ್ರೇ, ಮೊದಲು ಎಲುಬು ನಿಲ್ಲಿಸಿ ಆಮೇಲೆ ಹಲಗೆ ಹೊಡೆಯುವುದಾ?”

“ಹೌದು ಆಚಾರ್ರೇ, ನಕ್ಷೆಯಲ್ಲಿ ಹಾಗೇ ಉಂಟು.”

“ನಕ್ಷೆ ಬರೆದವ ಹಲಗೆ ಬಗ್ಗಿಸಿದವ ಅಲ್ಲ. ಹಲಗೆ ಎಲ್ಲಿಯವರೆಗೆ ಬಗ್ಗುತ್ತದೆ ಅಂತ ಹಲಗೆಯೇ ಹೇಳಬೇಕಲ್ಲವಾ? ಎಲುಬು ಆಮೇಲೆ ಅದಕ್ಕೆ ಸರಿಯಾಗಿ ಕೂರಿಸಿದರಾಯಿತು.”

ಅವರು ಹೇಳಿದ್ದು ಹಾಲೆಂಡಿನ ಪದ್ಧತಿಯೇ. ಹ್ಯೂಬರ್ಟ್‌ಸನ್ ಅಲ್ಲಿಂದ ಬಂದವನು. ಆ ಪದ್ಧತಿಯಲ್ಲಿ ಹಡಗಿಗೆ ನಕ್ಷೆ ಇರುತ್ತಿರಲಿಲ್ಲ. ಮುಖ್ಯ ಅಳತೆಗಳು, ಇಷ್ಟು ಉದ್ದಕ್ಕೆ ಇಷ್ಟು ಅಗಲ ಅನ್ನುವ ಲೆಕ್ಕ, ಉಳಿದದ್ದು ಮೇಸ್ತ್ರಿಯ ಕಣ್ಣು. ತಳದ ಹಲಗೆಗಳನ್ನು ಮೊದಲು ಒಂದಕ್ಕೊಂದು ಜೋಡಿಸಿ ಮರದ ತುಂಡುಗಳಿಂದ ತಾತ್ಕಾಲಿಕವಾಗಿ ಹಿಡಿದಿಟ್ಟು, ಆ ಆಕಾರಕ್ಕೆ ತಕ್ಕಂತೆ ಒಳಗೆ ಪಕ್ಕೆಲುಬು ಕೂರಿಸುತ್ತಿದ್ದರು. ನಾನು ಮಾಡುತ್ತಿರುವುದು ಇದರ ತಿರುಗುಮುರುಗು. ನಕ್ಷೆಯೇ ಇಲ್ಲದೆ ಹುಟ್ಟಿದ ಹಡಗಿಗೆ, ಅದನ್ನು ಎತ್ತಿದ ಮೇಲೆ ನಕ್ಷೆ ಬರೆದು, ಆ ನಕ್ಷೆಯನ್ನು ನೆಟ್ಟಗೆ ಮಾಡಿ, ಅದರ ಪ್ರಕಾರ ಹಡಗು ಕಟ್ಟುತ್ತಿದ್ದೇನೆ.

ಕೇರಳದ ಬೇಪೂರಿನಲ್ಲಿ ಕಟ್ಟುವ ಉರು ಅನ್ನುವ ಮರದ ಹಡಗುಗಳೂ ಹಾಗೇ. ಮೇಸ್ತ್ರಿಯ ತಲೆಯಲ್ಲಿ ಹಡಗು ಇರುತ್ತದೆ, ಕಾಗದದ ಮೇಲಲ್ಲ. ಹೊರಹಲಗೆ ಮೊದಲು, ಎಲುಬು ಆಮೇಲೆ. ಅಲ್ಲಿ ತಿರುಗಾಡುವ ಪ್ರವಾಸಿಗರು ಅಂಗಡಿಯಿಂದ ಉರುವಿನ ಸಣ್ಣ ಮಾದರಿಗಳನ್ನು ಕೊಂಡು ತರುತ್ತಾರೆ. ಅವು ಅಳತೆಗೆ ಸರಿಯಿಲ್ಲ ಅಂತ ನಮ್ಮಂಥ ಮಾದರಿಯವರು ಮೂಗು ಮುರಿಯುವುದುಂಟು. ನನಗೆ ಹಾಗನ್ನಿಸುವುದಿಲ್ಲ. ದೊಡ್ಡದನ್ನು ನೋಡಿ ಬೆಳೆದ ಕೈ ಸಣ್ಣದನ್ನು ಮಾಡುವಾಗ ಮುಖ್ಯ ಅಂತ ಕಂಡದ್ದನ್ನು ಕೊಂಚ ಉಬ್ಬಿಸುತ್ತದೆ, ಅಷ್ಟೇ.

ಇದಕ್ಕೆ ಬಹಳ ಒಳ್ಳೆಯ ಉದಾಹರಣೆ ನೆಪೋಲಿಯನ್ ಕಾಲದ ಮೂಳೆ ಹಡಗುಗಳು. 1793ರಿಂದ 1815ರವರೆಗಿನ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚರನ್ನು ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಕೂಡಿಹಾಕಿದ್ದರು. ಪೀಟರ್‌ಬರೋ ಹತ್ತಿರದ ನಾರ್ಮನ್ ಕ್ರಾಸ್ ಅಂಥ ಒಂದು ಸೆರೆಶಿಬಿರ. ಊಟದ ಮಾಂಸದಲ್ಲಿ ಉಳಿದ ಮೂಳೆಯನ್ನು ಬೇಯಿಸಿ, ಬಿಳುಪು ಮಾಡಿ, ತೆಳ್ಳಗೆ ಸೀಳಿ, ಅದರಿಂದ ಹಡಗು ಮಾಡುತ್ತಿದ್ದರು. ಹಗ್ಗಗಳಿಗೆ ಕುದುರೆಯ ಅಥವಾ ಮನುಷ್ಯರ ಕೂದಲು. ನಕ್ಷೆ ಎಲ್ಲಿಂದ ಬರಬೇಕು? ಎಲ್ಲವೂ ನೆನಪಿನಿಂದ. ಶಿಬಿರದ ಬಾಗಿಲಲ್ಲಿ ಸಂತೆ ನಡೆಯುತ್ತಿತ್ತು, ಅಲ್ಲಿ ಮಾರುತ್ತಿದ್ದರು. ಕೊಳ್ಳುವವರು ಇಂಗ್ಲಿಷರಾದ್ದರಿಂದ ಫ್ರೆಂಚ್ ಆಕಾರದ ಹಡಗಿಗೆ ಇಂಗ್ಲಿಷ್ ಹೆಸರು ಕೆತ್ತುತ್ತಿದ್ದುದೂ ಉಂಟು. ವ್ಯಾಪಾರ ಅಂದಮೇಲೆ ಅಷ್ಟು ಬೇಕಲ್ಲ. ಈ ಮಾದರಿಗಳಲ್ಲಿ ಎಷ್ಟೋ ಸಲ ಹಾಯಿ ಕಟ್ಟುವ ಕೂವೆಕಂಬಗಳು ಇರಬೇಕಾದ್ದಕ್ಕಿಂತ ಎತ್ತರ. ಅಳತೆ ಪ್ರಕಾರ ತಪ್ಪು, ಸರಿ. ಆದರೆ ಡೆಕ್ಕಿನ ಮೇಲೆ ನಿಂತು ತಲೆಯೆತ್ತಿ ನೋಡಿದವನಿಗೆ ಕಂಬ ಹಾಗೆಯೇ ಕಾಣುವುದು.

ಹಾಗಂತ ನಕ್ಷೆಯನ್ನು ಬೈಯುವುದು ನನ್ನ ಉದ್ದೇಶವಲ್ಲ. ನಕ್ಷೆಯಿಂದಲೇ ಹುಟ್ಟಿದ ಹಡಗೂ ಇದೆ, ಅದರ ಕತೆ ಇನ್ನೂ ರೋಚಕ. ಬ್ರಿಟಿಷ್ ನೌಕಾಪಡೆ 1782ರಲ್ಲಿ ಎಬೆ ಅನ್ನುವ ಫ್ರೆಂಚ್ ಹಡಗನ್ನು ಹಿಡಿಯಿತು. ಅದರ ಆಕಾರ ಎಷ್ಟು ಚೆನ್ನಾಗಿತ್ತೆಂದರೆ ಅದನ್ನೇ ನಕಲು ಮಾಡಿ ಸಾಲುಸಾಲಾಗಿ ಹಡಗು ಕಟ್ಟಿದರು. ಅಂಥದ್ದೊಂದನ್ನು ಮುಂಬಯಿಯಲ್ಲಿ ಕಟ್ಟಿಸೋಣ, ಅಲ್ಲಿ ತೇಗದ ಮರವಿದೆ, ವಾಡಿಯಾ ಮನೆತನದ ಬಡಗಿಗಳಿದ್ದಾರೆ ಅಂತ ತೀರ್ಮಾನವಾಯಿತು. ನಕ್ಷೆಗಳನ್ನು ಜಾವಾ ಅನ್ನುವ ಹಡಗಿನಲ್ಲಿ ಕಳಿಸಿದರು. 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯ ಹತ್ತಿರ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಹಡಗು ಜಾವಾವನ್ನು ಸೋಲಿಸಿ ಸುಟ್ಟಿತು, ನಕ್ಷೆಗಳೂ ಹೋದವು. ಮತ್ತೊಂದು ಪ್ರತಿ ಕಳಿಸಬೇಕಾಯಿತು. ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಅದರಂತೆ ಮಲಬಾರಿನ ತೇಗದಲ್ಲಿ ಕಟ್ಟಿದ ಟ್ರಿಂಕೊಮಲೀ 1817ರ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ನೀರಿಗಿಳಿಯಿತು. ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ತೇಗದ ಎಣ್ಣೆಯಂಶಕ್ಕೆ ಅದು ಋಣಿ. ಓಕ್ ಮರದ ಎಷ್ಟೋ ಹಡಗುಗಳು ಅಷ್ಟು ವರ್ಷ ಬಾಳಲಿಲ್ಲ.

ತೇಗ ದೊಡ್ಡ ಹಡಗಿಗೆ ಶ್ರೇಷ್ಠ, ಮಾದರಿಗೆ ಮಾತ್ರ ಬೇಡವೇ ಬೇಡ. ಮರದ ಎಳೆ ಮತ್ತು ರಂಧ್ರಗಳನ್ನು ಚಿಕ್ಕದು ಮಾಡಲಾಗುವುದಿಲ್ಲ, ತೊಂದರೆ ಇರುವುದು ಅಲ್ಲಿ. ನನ್ನ ಮಾದರಿ 1:75 ಅಳತೆಯದು, ಅಂದರೆ ನಿಜವಾದ ಹಡಗಿನ ಎಪ್ಪತ್ತೈದನೇ ಒಂದು ಪಾಲು. ಅದರಲ್ಲಿ ಒಬ್ಬ ಆಳು ಎರಡೂ ಕಾಲು ಸೆಂಟಿಮೀಟರ್ ಎತ್ತರ. ಅರ್ಧ ಮಿಲಿಮೀಟರಿನ ರಂಧ್ರ ಅವನ ಲೆಕ್ಕದಲ್ಲಿ ಎರಡು ಬೆರಳು ತೂರುವಷ್ಟು ದೊಡ್ಡ ಗುಂಡಿ. ಅದಕ್ಕೇ ಯುರೋಪಿನವರು ಪೇರ್ ಮರ, ಬಾಕ್ಸ್‌ವುಡ್ ಅಂತ ಎಳೆಯೇ ಕಾಣದ ನಯವಾದ ಮರ ಬಳಸುತ್ತಾರೆ. ಇಲ್ಲಿಗೆ ತರಿಸಿದರೆ ಮರಕ್ಕಿಂತ ಸಾಗಾಟಕ್ಕೇ ಹೆಚ್ಚು. ನಮ್ಮಲ್ಲಿ ಚನ್ನಪಟ್ಟಣದವರು ಗೊಂಬೆ ಕಡೆಯುವ ಆಲೆ ಮರ ಇದೆಯಲ್ಲ, ಅದನ್ನು ಹಿಡಿದು ನೋಡಿ. ದಂತದ ಬಣ್ಣ, ಒತ್ತೊತ್ತು ಎಳೆ, ಉಳಿಗೆ ಬೆಣ್ಣೆಯ ಹಾಗೆ ಕೊಡುತ್ತದೆ, ಅಂಚು ಚೂರಾಗುವುದಿಲ್ಲ. ವಾಸಾದ ಮೂತಿಯಲ್ಲಿ ನೆಗೆಯುವ ಸಿಂಹವೊಂದಿದೆ, ನಿಜದಲ್ಲಿ ಮೂರು ಮೀಟರಿಗೂ ಉದ್ದ. ನನ್ನ ಮೇಜಿನ ಮೇಲೆ ಅದು ನಾಲ್ಕು ಸೆಂಟಿಮೀಟರಿನ ಆಲೆ ಮರದ ತುಂಡು. ಪೆಟ್ಟಿಗೆಯಲ್ಲಿ ಬಂದಿದ್ದ ಲೋಹದ ಎರಕದ ಸಿಂಹಕ್ಕೆ ಬೆಕ್ಕಿನ ಮುಖವಿತ್ತು.

ಹೊರಹಲಗೆ ಹೊದಿಸುವ ಕೆಲಸದ ಬಗ್ಗೆ ಇಷ್ಟಾದರೂ ಹೇಳದಿದ್ದರೆ ಆಗದು. ಹೊಸಬರು ಎಲ್ಲ ಪಟ್ಟಿಗಳನ್ನೂ ಬಂದ ಹಾಗೇ ಒಂದೇ ಅಗಲದಲ್ಲಿ ಅಂಟಿಸುತ್ತಾ ಹೋಗುತ್ತಾರೆ. ಹಡಗಿನ ನಡುಭಾಗ ಹೊಟ್ಟೆ ಬಂದಂತೆ ಇರುತ್ತದೆ, ಮೂತಿ ಕಿರಿದು. ನಡುವಿನಲ್ಲಿ ಹಿಡಿಸಿದಷ್ಟು ಪಟ್ಟಿ ಮೂತಿಯಲ್ಲಿ ಹಿಡಿಸಲಾರದು. ಆದ್ದರಿಂದ ಪ್ರತಿ ಪಟ್ಟಿಯನ್ನೂ ಮೂತಿಯ ಕಡೆಗೆ ಸಣ್ಣಗೆ ಕೀಸಬೇಕು. ಹಿಂಭಾಗದಲ್ಲಿ ಇದರ ಉಲ್ಟಾ, ಜಾಗ ಉಳಿದುಬಿಡುತ್ತದೆ, ಅಲ್ಲಿ ಬೆಣೆಯಾಕಾರದ ತುಂಡು ಸೇರಿಸಬೇಕು. ನೀರಿನಲ್ಲಿ ನೆನೆಸಿ ಬಿಸಿ ತಾಗಿಸಿದರೆ ಪಟ್ಟಿ ಬಗ್ಗುತ್ತದೆ, ಆದರೆ ಚಪ್ಪಟೆ ಮುಖದ ಕಡೆಗೆ ಮಾತ್ರ. ಅಂಚಿನ ಕಡೆಗೆ ಬಗ್ಗಿಸಹೊರಟರೆ ಸಿಟ್ಟು ಮಾಡಿಕೊಂಡು ತಿರುಚಿಕೊಳ್ಳುತ್ತದೆ. ಎಡಕ್ಕೊಂದು ಹಾಕಿದರೆ ಬಲಕ್ಕೊಂದು ಹಾಕಬೇಕು. ಒಂದೇ ಬದಿ ಮುಗಿಸೋಣ ಅಂದುಕೊಂಡರೆ ಅಂಟು ಒಣಗುವಾಗಿನ ಎಳೆತಕ್ಕೆ ಬೆನ್ನೆಲುಬು ಬಾಳೆಕಾಯಿಯಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಆಷಾಢದಲ್ಲಿ ಉಬ್ಬಿದ ಪಟ್ಟಿ ಮಾಘದಲ್ಲಿ ಕುಗ್ಗಿ ಸಂದು ಬಿಡುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ವಾಸಾ ಮಾದರಿಗಳದ್ದೇ ಒಂದು ಇತಿಹಾಸವಿದೆ. ಹಡಗಿನಲ್ಲಿ ಸುಮಾರು 500 ಕೆತ್ತನೆ ವಿಗ್ರಹಗಳಿವೆ. ಹೆಚ್ಚಿನವು ಹಿಂಭಾಗದ ಅರಮನೆಯಂಥ ಎತ್ತರದ ಗೋಡೆಯ ಮೇಲೆ. ಮೂತಿಯ ಕಡೆ ರೋಮಿನ 20 ಚಕ್ರವರ್ತಿಗಳು. ಸಿಬ್ಬಂದಿ ಶೌಚಕ್ಕೆ ಹೋಗುವ ಮೂತಿಯ ಭಾಗದಲ್ಲಿ, ಬೆಂಚಿನಡಿ ಮುದುಡಿಕೊಂಡ ಪೋಲೆಂಡಿನ ಗಣ್ಯರ ಕೆತ್ತನೆ. ಶತ್ರುವಿಗೆ ಮಾಡುವ ಅವಮಾನವನ್ನೂ ಬಡಗಿಗಳು ಮರದಲ್ಲೇ ಮಾಡಿಟ್ಟರು. ಹಡಗು ಮೇಲೆ ಬಂದಾಗ ಮರವೆಲ್ಲ ಕಪ್ಪು. ಹಿನ್ನೆಲೆ ನೀಲಿ, ವಿಗ್ರಹಗಳಿಗೆ ಚಿನ್ನ ಅಂತ ತಜ್ಞರು ಅಂದಾಜು ಮಾಡಿದ್ದರು. ಆ ಕಾಲದ ಮಾದರಿಗಳೆಲ್ಲ ನೀಲಿ. ಮುಂದೆ ಮರದ ಸಂದಿಯಲ್ಲಿ ಉಳಿದಿದ್ದ ಬಣ್ಣದ ಕಣಗಳನ್ನು ಪರೀಕ್ಷಿಸಿದಾಗ ಹಿನ್ನೆಲೆ ಕೆಂಪು, ವಿಗ್ರಹಗಳು ನಮ್ಮ ತೇರಿನ ಗೊಂಬೆಗಳಷ್ಟೇ ಢಾಳಾದ ಬಣ್ಣದವು ಅಂತ ತಿಳಿಯಿತು. ವಸ್ತುಸಂಗ್ರಹಾಲಯದಲ್ಲಿರುವ 1:10 ಅಳತೆಯ ದೊಡ್ಡ ಮಾದರಿಯನ್ನು ಈಗ ಆ ಕೆಂಪಿನಲ್ಲೇ ನೋಡಬಹುದು.

ಹಾಗಾದರೆ ನೀಲಿ ಮಾದರಿಗಳನ್ನು ಏನು ಮಾಡುವುದು? ಕೆಲವರು ಮತ್ತೆ ಕೆಂಪು ಬಳಿದರಂತೆ. ನನ್ನ ಕೈಯಲ್ಲಿ ಅಂಥದ್ದು ಇದ್ದಿದ್ದರೆ ಹಾಗೇ ಬಿಡುತ್ತಿದ್ದೆ. ಅದು 1628ರ ವಾಸಾ ಅಲ್ಲದಿರಬಹುದು, 1970ರ ಸುಮಾರಿಗೆ ಜನ ತಿಳಿದುಕೊಂಡಿದ್ದ ವಾಸಾ ಖಂಡಿತ ಹೌದು.

ಮಾದರಿ ಯಾವಾಗಲೂ ಹಡಗಿನ ಹಿಂದೆಯೇ ಬರಬೇಕೆಂದೇನೂ ಇಲ್ಲ. 17ನೇ ಶತಮಾನದ ಇಂಗ್ಲೆಂಡಿನ ನೌಕಾ ಮಂಡಳಿಯ ಮಾದರಿಗಳು ಗ್ರಿನಿಚ್‌ನಲ್ಲೂ ಅಮೆರಿಕದ ಅನಾಪೊಲಿಸ್‌ನಲ್ಲೂ ಇವೆ. ಸಾಮಾನ್ಯವಾಗಿ 1:48 ಅಳತೆ, ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬು ಕಾಣುವಂತೆ ಬಿಟ್ಟಿರುತ್ತಾರೆ. ನಮ್ಮ ಕಾಲದ್ದೇ ಇನ್ನೊಂದಿದೆ. ಅಜಂತಾ ಗುಹೆಯ 5ನೇ ಶತಮಾನದ ಚಿತ್ರದಲ್ಲಿ ಕಾಣುವ ಹಡಗನ್ನು ಆಧಾರವಾಗಿಟ್ಟುಕೊಂಡು ಭಾರತೀಯ ನೌಕಾಪಡೆಗಾಗಿ ಗೋವಾದಲ್ಲಿ ಕಟ್ಟಿದ ಕೌಂಡಿನ್ಯ. ಹಲಗೆಗಳನ್ನು ಮೊಳೆಯಿಂದ ಹೊಡೆದಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಕೇರಳದ ಬಾಬು ಶಂಕರನ್ ಮುಂದಾಳತ್ವದ ಬಡಗಿಗಳ ಕೆಲಸ. ಇಂಥ ಹಡಗಿನ ಒಂದೇ ಒಂದು ತುಂಡೂ ಉಳಿದಿರಲಿಲ್ಲ, ನಕ್ಷೆಯೂ ಇಲ್ಲ, ಗೋಡೆಯ ಮೇಲಿನ ಚಿತ್ರ ಮಾತ್ರ. ಅದು ತೇಲುವುದೇ, ವಾಲುವುದೇ ಅಂತ ಮದ್ರಾಸ್ ಐಐಟಿಯವರ ಜೊತೆ ಮಾದರಿ ಇಟ್ಟು ಪರೀಕ್ಷಿಸಿದರು. ಸ್ಟಾಕ್‌ಹೋಮಿನ ಅಡ್ಮಿರಲ್‌ಗೆ ಈ ಅನುಕೂಲ ಇರಲಿಲ್ಲ, ಇದ್ದಿದ್ದರೂ ಕೇಳುತ್ತಿದ್ದನೋ ಇಲ್ಲವೋ. 2025ರ ಮೇ 21ರಂದು ಕಾರವಾರದಲ್ಲಿ ಕೌಂಡಿನ್ಯ ನೌಕಾಪಡೆಗೆ ಸೇರಿತು, ಆ ವರ್ಷದ ಕೊನೆಗೆ ಪೋರಬಂದರಿನಿಂದ ಮಸ್ಕತ್ ಕಡೆಗೆ ಹಾಯಿ ಬಿಚ್ಚಿ ಹೊರಟಿತು. ಹಾಯಿಯ ಮೇಲೆ ಗಂಡಭೇರುಂಡ ಇದೆ. ಇದರ ಮಾದರಿ ಮಾಡುವ ಆಸೆ ನನಗಿದೆ, ಆದರೆ ಆ ಹೊಲಿಗೆಯನ್ನು 1:75ಕ್ಕೆ ಇಳಿಸುವುದು ಹೇಗೆ ಅಂತ ಇನ್ನೂ ಹೊಳೆದಿಲ್ಲ.

ಸದ್ಯಕ್ಕೆ ವಾಸಾದ ಹಗ್ಗಗಳೇ ಸಾಕಷ್ಟಿವೆ. ಕಂಬಗಳನ್ನು ಎರಡೂ ಕಡೆಯಿಂದ ಎಳೆದು ಹಿಡಿಯುವ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದರು, ಆದ್ದರಿಂದ ಅವು ಕಪ್ಪು ಕಂದು. ಹಾಯಿ ಏರಿಸಿ ಇಳಿಸುವ ಹಗ್ಗಗಳು ಬಿಳಿಚು. ಬೆರಳು ದಪ್ಪದ ಹಗ್ಗ ನನ್ನ ಅಳತೆಯಲ್ಲಿ 0.2 ಮಿಲಿಮೀಟರ್, ಅಂದರೆ ಹೊಲಿಗೆ ದಾರ. ಅದನ್ನು ಜೇನುಮೇಣಕ್ಕೆ ಉಜ್ಜಿ ಎಳೆದರೆ ನೂಲಿನ ತುಪ್ಪಳ ಕೂರುತ್ತದೆ. ದಪ್ಪದವನ್ನು ಮೂರು ಎಳೆ ಕೂಡಿಸಿ ಕೈಯಲ್ಲೇ ಹೊಸೆಯುತ್ತೇನೆ. ನಾವಿಕರು ಹತ್ತುವ ಹಗ್ಗದ ಮೆಟ್ಟಿಲುಗಳಿಗೆ ಸಂದು ಸಂದಿಗೂ ಒಂದೊಂದು ಗಂಟು ಹಾಕಬೇಕು. ಇದರಲ್ಲಿ ಧ್ಯಾನ, ಮನಶ್ಶಾಂತಿ ಅಂತೆಲ್ಲ ಹೇಳುವವರಿದ್ದಾರೆ. ನನಗಂತೂ ಬೇಜಾರು. ರೇಡಿಯೊ ಹಾಕಿಕೊಂಡು ಮಾಡುತ್ತೇನೆ.

ಸೊಟ್ಟದ ವಿಷಯ ಏನಾಯಿತು ಅಂತ ಕೇಳುತ್ತೀರಿ. ಎಡಬದಿಯ ಮರ ದಪ್ಪ ಎಂಬುದನ್ನು ಮಾದರಿಯಲ್ಲೂ ತೋರಿಸಬೇಕೇ? ನಿಜವಾದ ಹಡಗಿನ 15 ಸೆಂಟಿಮೀಟರ್ ಇಲ್ಲಿ 2 ಮಿಲಿಮೀಟರ್. ಬೇಕೆಂದೇ ಅಷ್ಟು ಸೊಟ್ಟ ಮಾಡಿದರೆ ನೋಡಿದವರು ನನ್ನ ಕೈಯನ್ನು ಬೈಯುತ್ತಾರೆಯೇ ಹೊರತು ಹ್ಯೂಬರ್ಟ್‌ಸನ್ನನ್ನಲ್ಲ. ನೆಟ್ಟಗೆ ಮಾಡಿದರೆ ಅದು ಯಾರೂ ಕಟ್ಟದ ಹಡಗು. ನಾನು ಬೆನ್ನೆಲುಬನ್ನು ನೆಟ್ಟಗೇ ಇಟ್ಟಿದ್ದೇನೆ, ಆದರೆ ಆಚಾರ್ರ ಮಾತಿನ ಮೇಲೆ ಎರಡನೆಯ ಪದರದ ಹಲಗೆಗಳನ್ನು ನಕ್ಷೆ ನೋಡಿ ಕೊಯ್ಯುವುದು ಬಿಟ್ಟೆ. ಒಂದೊಂದನ್ನೂ ಮೈಮೇಲೆ ಇಟ್ಟು, ಎಲ್ಲಿ ಸಹಜವಾಗಿ ಕೂರುತ್ತದೋ ಅಲ್ಲಿ ಗುರುತು ಹಾಕಿ ಕೊಯ್ದೆ. ಹಾಗಾಗಿ ಎಡ ಬಲದ ಸಾಲುಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ.

ಇನ್ನು ಉಳಿದಿರುವುದು ಫಿರಂಗಿ ಕಿಂಡಿಗಳ ಮುಚ್ಚಳ. ಮಾದರಿ ಮಾಡುವವರೆಲ್ಲ ಕಿಂಡಿ ತೆರೆದು ಫಿರಂಗಿ ಹೊರಗೆ ಚಾಚಿಯೇ ತೋರಿಸುತ್ತಾರೆ. ಅಂದ ಹೆಚ್ಚು, ಒಳಗಿನ ಕೆಂಪು ಬಣ್ಣವೂ ಕಾಣುತ್ತದೆ. ಅವತ್ತು ಭಾನುವಾರ ಸ್ಟಾಕ್‌ಹೋಮಿನವರೂ ತೆರೆದಿಟ್ಟದ್ದು ಹೊರಡುವಾಗ ಮರ್ಯಾದೆಯ ಗುಂಡು ಹಾರಿಸುವುದಕ್ಕೆ. ಕೆಳಸಾಲನ್ನು ಮುಚ್ಚಿದ್ದರೆ ಹಡಗು ಆ ದಿನದ ಮಟ್ಟಿಗೆ ಉಳಿಯುತ್ತಿತ್ತೇನೋ, ಆಗ ನನ್ನ ಮೇಜಿನ ಮೇಲೆ ಇನ್ಯಾವುದೋ ಹಡಗು ಇರುತ್ತಿತ್ತು. ತೆರೆದೇ ಇಡುತ್ತೇನೆ. ಮುಚ್ಚಳಕ್ಕೆ ಕೀಲು ಮಾಡಲು ತಾಮ್ರದ ತಗಡು ತರಬೇಕು, ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಯವನು ಇಷ್ಟು ಸಣ್ಣ ತುಂಡು ಕತ್ತರಿಸಿ ಕೊಡುವುದಿಲ್ಲ ಅನ್ನುತ್ತಿದ್ದಾನೆ.